ಹಂಚಿನ ಮನೆ, ಹಳೆ ಆಲ್ತಾರ್, ಹತ್ತು ಸಹಿ: ಕುಟುಂಬದ ಮನೆ ರಿಪೇರಿಗೆ ಇಳಿದ ಕರಾವಳಿಯ ಕ್ರೈಸ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳೆ ಕ್ರೈಸ್ತ ಮನೆಗಳ ರಿಪೇರಿ ಬರೀ ಮಾಡು (ಛಾವಣಿ), ಗೋಡೆಯ ಕೆಲಸವಾಗಿ ಉಳಿದಿಲ್ಲ. ಮಕ್ಕಳು ಪರವೂರಿನಲ್ಲಿ, ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿ, ಪ್ರಾರ್ಥನೆಗೆ ನಾಲ್ಕು ಜನ ಸೇರಿದರೆ ರಸ್ತೆಯಲ್ಲಿ ಇಣುಕುವವರು ಇಬ್ಬರು. ಹಂಚು ತೆಗೆದ ದಿನ ಇವೆಲ್ಲವೂ ಒಟ್ಟಿಗೆ ಹೊರಬೀಳುತ್ತವೆ. ಆದ್ದರಿಂದ ಇಲ್ಲಿ ಕಾನೂನು, ಸುಣ್ಣ, ಆಲ್ತಾರ್ (ಮನೆಯ ಪ್ರಾರ್ಥನಾ ಪೀಠ) ಎಲ್ಲವೂ ಕಲೆತೇ ಬರುತ್ತವೆ.

ಮೊದಲು ಯಾರನ್ನು ಕರೆಯಬೇಕು, ಮೇಸ್ತ್ರಿಯನ್ನೋ ಬಡಗಿಯನ್ನೋ?

ಇಬ್ಬರನ್ನೂ ಬೇಡ. ಮೊದಲು ಕಾಗದ ತೆಗೆಯಿರಿ. ಪಹಣಿ, ಮನೆ ತೆರಿಗೆ ರಶೀದಿ, ಪಂಚಾಯತ್ ವ್ಯಾಪ್ತಿಯಾದರೆ ನಮೂನೆ 9 ಮತ್ತು 11, ನಗರವಾದರೆ ಇ-ಖಾತಾ, ಮನೆ ನಿಂತ ಜಾಗದ ಕನ್ವರ್ಶನ್ (ಭೂಪರಿವರ್ತನೆ) ಆದೇಶ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಡಿಕ್ಲರೇಶನ್ ಜಾಗವಾದರೆ ಆಗಿನ ಆದೇಶದ ಪ್ರತಿ. ಆ ಆದೇಶ ಹೆಚ್ಚಾಗಿ ಒಬ್ಬರ ಹೆಸರಿನಲ್ಲಿರುತ್ತದೆ. ಉತ್ತವರು ನಾಲ್ವರು, ಅರ್ಜಿ ಕೊಟ್ಟವರು ಹಿರಿಯಣ್ಣ. 'ನಮ್ಮದೂ ಪಾಲು' ಎಂಬ ಮಾತು ಐವತ್ತು ವರ್ಷದ ನಂತರ ಎದ್ದುಬರುವುದು ಇಲ್ಲಿಂದಲೇ.

ಹೆಸರು ತೀರಿಹೋದವರದ್ದಾಗಿದ್ದರೆ ಮರಣ ಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ಹಿಡಿದು ಪೌತಿ ಖಾತೆಗೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ) ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವುದು ನಮ್ಮಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಕೆಲವರು ಅದನ್ನು ತಪ್ಪಿ ಮಾಡುವುದೂ ಇಲ್ಲ, ಬೇಕೆಂದೇ ಮಾಡುತ್ತಾರೆ. ಎರಡಕ್ಕೂ ಫಲ ಒಂದೇ: ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಹಿಡಿಯುತ್ತಾರೆ, ಇಲ್ಲವೇ ಕೋರ್ಟಿನಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ಸಂಗತಿ. ಕ್ರೈಸ್ತರ ಇಗರ್ಜಿ (ಚರ್ಚ್) ದಾಖಲೆಯ ಹೆಸರು, ಆಧಾರ್ ಹೆಸರು, ಪಹಣಿಯ ಹೆಸರು ಮೂರೂ ಬೇರೆಯಾಗಿರುವುದು ಸರ್ವೇಸಾಮಾನ್ಯ. ಜ್ಞಾನಸ್ನಾನದ ಪುಸ್ತಕದಲ್ಲಿ ಜೊವಾನ್ನೆಸ್, ಪಹಣಿಯಲ್ಲಿ ಜೋನ್, ಪಾಸ್‌ಪೋರ್ಟಿನಲ್ಲಿ ಜಾನ್. ಮೂವರೂ ಒಬ್ಬರೇ ಎಂಬ ಅಫಿಡವಿತ್ ಮಾಡಿಸಿ, ಜ್ಞಾನಸ್ನಾನದ ಪ್ರಮಾಣಪತ್ರವನ್ನು ಜೊತೆಗಿಡಿ. ಇದನ್ನು ಹಂಚು ಇಳಿಸುವ ಮೊದಲೇ ಮುಗಿಸಿ.

ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಮನೆ ಯಾರದ್ದು?

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ 33ನೇ ಕಲಮಿನಂತೆ ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳೆಲ್ಲರಿಗೆ ಸಮವಾಗಿ. ಗಂಡು ಹೆಣ್ಣು ಭೇದವಿಲ್ಲ. ಹೆಂಡತಿ ಮೊದಲು ತೀರಿಕೊಂಡಿದ್ದು ಆಸ್ತಿ ಅವರದಾಗಿದ್ದರೆ ಗಂಡನಿಗೂ ಇದೇ ಲೆಕ್ಕ.

ಅಮ್ಮ ಮತ್ತು ನಾಲ್ವರು ಮಕ್ಕಳು ಎಂದಿಟ್ಟುಕೊಳ್ಳಿ. ಮನೆಯನ್ನು 12 ಪಾಲು ಮಾಡಿದರೆ ಅಮ್ಮನಿಗೆ 4, ಪ್ರತಿ ಮಗುವಿಗೆ 2. ಅಮ್ಮನೂ ವಿಲ್ ಇಲ್ಲದೆ ಹೋದರೆ ಆ 4 ಮತ್ತೆ ನಾಲ್ವರಿಗೆ ಒಂದೊಂದಾಗಿ ಹಂಚಿ, ಪ್ರತಿಯೊಬ್ಬರಿಗೆ 3 ಆಗುತ್ತದೆ. ಒಬ್ಬ ಮಗ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ ಅವನ ಪಾಲು ಅವನ ಮಕ್ಕಳಿಗೆ ಹೋಗುತ್ತದೆ. ಕಾನೂನಿನಂತೆ ದತ್ತು ತೆಗೆದುಕೊಂಡ ಮಗುವಿಗೂ ಸಮಪಾಲು.

'ಅಕ್ಕನಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ' ಎಂಬ ವಾದಕ್ಕೆ ಈ ಕಾಯ್ದೆಯಲ್ಲಿ ಜಾಗವಿಲ್ಲ. 'ಇದು ಪಿತ್ರಾರ್ಜಿತ, ಹುಟ್ಟಿದಾಗಲೇ ನನಗೆ ಹಕ್ಕಿದೆ' ಎಂಬುದಕ್ಕೂ ಇಲ್ಲ. ಹುಟ್ಟಿನಿಂದ ಬರುವ ಹಕ್ಕು ಹಿಂದೂ ಅವಿಭಕ್ತ ಕುಟುಂಬದ ಕಲ್ಪನೆ. ಕ್ರೈಸ್ತ ತಂದೆ ಬದುಕಿರುವಾಗ ಮನೆ ಪೂರ್ತಿ ಅವರದೇ, ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ಬೆಳ್ತಂಗಡಿ ಕಡೆಗೆ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಮನೆಗಳಲ್ಲಿ ಈಗಲೂ ಕೇಳಿಬರುವ 'ಹೆಣ್ಣಿಗೆ ಕಾಲುಪಾಲು' ಹಳೆಯ ತಿರುವಾಂಕೂರು ಕಾನೂನಿನ ನೆನಪು. ಮೇರಿ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು 1986ರಲ್ಲೇ ಮುಗಿಸಿದೆ.

ಈಗ ವಿಲ್ ಬರೆಯುವುದಾದರೆ ಎಲ್ಲಿ ಎಡವುತ್ತಾರೆ?

ಮೂರು ಕಡೆ. ಇಬ್ಬರು ಸಾಕ್ಷಿಗಳು ಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ 67ನೇ ಕಲಮಿನಂತೆ ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಆ ವಿಲ್‌ನಲ್ಲಿ ಬರೆದ ಪಾಲು ನಿಲ್ಲುವುದಿಲ್ಲ. ಮನೆಯಲ್ಲಿದ್ದ ಅಳಿಯನನ್ನೇ ಕೂರಿಸಿ ಸಾಕ್ಷಿ ಹಾಕಿಸಿದರೆ ಮಗಳ ಪಾಲು ಹೋಯಿತು. ಸಾಕ್ಷಿಗೆ ನೆರೆಯವರನ್ನೋ ಡಾಕ್ಟರನ್ನೋ ಕರೆಯಿರಿ.

ಎರಡನೆಯದು, 69ನೇ ಕಲಮು: ವಿಲ್ ಬರೆದವರು ಆಮೇಲೆ ಮದುವೆಯಾದರೆ ಹಳೆ ವಿಲ್ ರದ್ದು. ವಿಧುರರು ಮರುಮದುವೆಯಾದಾಗ ಹೊಸದಾಗಿ ಬರೆಯಲೇಬೇಕು.

ಮೂರನೆಯದು ಹಳೆ ಭಯ. ಹತ್ತಿರದ ಸಂಬಂಧಿಗಳಿದ್ದರೆ ಇಗರ್ಜಿಗೋ ಅನಾಥಾಶ್ರಮಕ್ಕೋ ವಿಲ್ ಮೂಲಕ ಬಿಡಲು ಸಾವಿಗೆ ಒಂದು ವರ್ಷ ಮೊದಲೇ ಬರೆದಿರಬೇಕು ಎಂಬ 118ನೇ ಕಲಮಿನ ನಿರ್ಬಂಧ. ಜಾನ್ ವಲ್ಲಮಟ್ಟಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಅಸಿಂಧುಗೊಳಿಸಿದೆ, ಈಗ ಆ ಅಡ್ಡಿ ಇಲ್ಲ. ಪ್ರೊಬೇಟ್ (ವಿಲ್‌ಗೆ ಕೋರ್ಟಿನ ದೃಢೀಕರಣ) ಇಲ್ಲದೆ ವಿಲ್ ನಡೆಯದು ಎಂಬುದೂ ಹಳೆ ಮಾತು. 2002ರ ತಿದ್ದುಪಡಿಯೇ ಭಾರತೀಯ ಕ್ರೈಸ್ತರನ್ನು ಅದರಿಂದ ಹೊರಗಿಟ್ಟಿತು.

ಒಬ್ಬ ಮಗ ದುಬೈ, ಮಗಳು ಕೆನಡಾ. ಸಹಿ ಹೇಗೆ?

ವಾಟ್ಸ್‌ಆ್ಯಪ್‌ನಲ್ಲಿ 'ನನ್ನದೇನೂ ಅಭ್ಯಂತರ ಇಲ್ಲ' ಎಂದು ಬಂದರೆ ಅದು ಪ್ರೀತಿಯ ಸಂದೇಶ ಮಾತ್ರ. ಪಾಲು ಬಿಡುವವರು ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು. ಊರಿಗೆ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮುಕ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿ ಮೂಲ ಪ್ರತಿಯನ್ನು ಕಳುಹಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ತಲುಪಿದ ತಾರೀಕಿಗೆ ಅದೇ ಸಾಕ್ಷಿ.

ಮುಕ್ತ್ಯಾರುನಾಮೆಯಲ್ಲಿ ಏನೇನು ಅಧಿಕಾರ ಎಂದು ಬಿಡಿಸಿ ಬರೆಯಿಸಿ: ರಿಪೇರಿ, ಪರವಾನಗಿ ಅರ್ಜಿ, ವಿದ್ಯುತ್ ಸಂಪರ್ಕ. ಮಾರಾಟದ ಅಧಿಕಾರ ಬೇಡವಾದರೆ 'ಮಾರಾಟ ಇಲ್ಲ' ಎಂದೂ ಬರೆಯಿಸಿ. ಹಣ ಹಾಕುವವರು ಒಬ್ಬರು, ಪಾಲುದಾರರು ನಾಲ್ವರು ಎಂಬಲ್ಲಿ ಆ ಹಣ ಉಡುಗೊರೆಯೋ, ಸಾಲವೋ, ಮುಂದೆ ಪಾಲಿನಲ್ಲಿ ಹೊಂದಿಸುವುದೋ ಎಂಬ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಮಾತಾಡುವಾ ಎಂದು ಮುಂದೂಡಿದ ಈ ಮಾತೇ ಒಡಹುಟ್ಟಿದವರನ್ನು ಒಂದೇ ಇಗರ್ಜಿಯ ಎರಡು ಪೂಜೆಗಳಿಗೆ ಹೋಗುವಂತೆ ಮಾಡುತ್ತದೆ.

ನಮ್ಮ ತಂದೆ ಕ್ರೈಸ್ತರಾದವರು, ಅವರ ಅಣ್ಣತಮ್ಮಂದಿರು ಹಿಂದೂಗಳು. ತರವಾಡು ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ನಮಗೆ ಪಾಲಿದೆಯೇ?

ತಂದೆಗೆ ಇದೆ, ಮತಾಂತರದಿಂದ ಅವರ ಹಕ್ಕು ಹೋಗುವುದಿಲ್ಲ. ಮಕ್ಕಳ ವಿಷಯ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ, ಆ ಬಂಧು ತೀರಿಕೊಂಡಾಗ ಈ ಮಕ್ಕಳು ಹಿಂದೂಗಳಾಗಿದ್ದರೆ ಹೊರತು. ಅಜ್ಜ ಬದುಕಿರುವಾಗಲೇ ತಂದೆ ತೀರಿಕೊಂಡರೆ ಮೊಮ್ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಅಜ್ಜ ವಿಲ್ ಬರೆದರೆ ಈ ಅಡ್ಡಿ ಇಲ್ಲ. ಹಾಗಾಗಿ ತರವಾಡಿನ ಮಾಡಿಗೆ ದುಡ್ಡು ಸುರಿಯುವ ಮೊದಲು ಪಾಲುಪಟ್ಟಿ ನೋಂದಣಿಯಾಗಲಿ.

ದಲಿತ ಕ್ರೈಸ್ತರಿಗೆ ಇನ್ನೊಂದು ಗೋಡೆ ಎದುರಿಗಿದೆ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ರಂಗನಾಥ ಮಿಶ್ರಾ ಆಯೋಗ ಸೇರಿಸಿ ಎಂದಿತು, 2022ರಲ್ಲಿ ನ್ಯಾ. ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ, ಇತರ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಮನೆ ರಿಪೇರಿಗೆ ಸರ್ಕಾರಿ ನೆರವು ಕೇಳುವಾಗ ಸರಿಯಾದ ಪ್ರವರ್ಗದ ಪ್ರಮಾಣಪತ್ರವನ್ನೇ ಕೊಡಿ. ಕಾಗದದಲ್ಲಿ ಒಂದು, ಬದುಕಿನಲ್ಲಿ ಒಂದು ಎಂದು ನಡೆಸಿದರೆ ಮುಂದೆ ಮಕ್ಕಳ ನೌಕರಿಯೇ ಅಲ್ಲಾಡುತ್ತದೆ. ಸೌಲಭ್ಯಕ್ಕಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿದೆ.

ಕೆಲಸ ಯಾವಾಗ ಶುರು ಮಾಡಬೇಕು?

ಮಾಡು ಬಿಚ್ಚುವುದಾದರೆ ನವೆಂಬರ್ ಮಧ್ಯದ ಮೊದಲು ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರು, ಅಕ್ಟೋಬರಿನಲ್ಲೂ ಸಂಜೆಗೆ ಗುಡುಗು. ಮೇ 15ರೊಳಗೆ ಹಂಚು ಹೊದೆಸಿ ಮುಗಿದಿರಬೇಕು.

ಮನೆಯಲ್ಲಿ ಮದುವೆ ಇದ್ದರೆ ಲೆಕ್ಕ ಬಿಗಿಯಾಗುತ್ತದೆ. ಆಗಮನ ಕಾಲ (ಕ್ರಿಸ್ಮಸಿಗೆ ಮೊದಲಿನ ವಾರಗಳು) ಮತ್ತು ತಪಸ್ಸು ಕಾಲದಲ್ಲಿ (ಈಸ್ಟರಿಗೆ ಮೊದಲಿನ ವಾರಗಳಲ್ಲಿ) ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ಹಾಗಾಗಿ ಎಲ್ಲವೂ ಕ್ರಿಸ್ಮಸ್ ಕಳೆದು ಫೆಬ್ರವರಿವರೆಗೆ, ಮತ್ತೆ ಈಸ್ಟರ್ ನಂತರ ಗುಂಪಾಗಿ ಬೀಳುತ್ತವೆ. ತಪಸ್ಸು ಕಾಲದ ಆರು ವಾರವೇ ಧೂಳಿನ ಕೆಲಸಕ್ಕೆ ಒಳ್ಳೆಯದು, ನೆಂಟರೂ ಕಡಿಮೆ. ರೋಸ್ (ಮದುವೆಯ ಮುಂಚಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮನೆಯ ಅಂಗಳದಲ್ಲೇ ಆಗಬೇಕೆಂದಿದ್ದರೆ ಮರಳು, ಕಲ್ಲಿನ ರಾಶಿ ಹಿತ್ತಿಲಿಗೆ ಹಾಕಿಸಿ. ಡಿಸೆಂಬರಿನಲ್ಲಿ ಅಡುಗೆಮನೆ ಬಿಚ್ಚಬೇಡಿ. ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಕರಿಯುವ ಹೊತ್ತಿಗೆ ಒಲೆ ಇಲ್ಲ ಎಂದರೆ ಆ ಮನೆಯಲ್ಲಿ ಯಾವ ಮೇಸ್ತ್ರಿಗೂ ರಕ್ಷಣೆ ಇಲ್ಲ.

ಹಂಚು ತೆಗೆದು ಸ್ಲ್ಯಾಬ್ ಹಾಕಿಬಿಡೋಣವೇ?

ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಗೋಡೆಯಲ್ಲಿದೆ. ಒಳಗಿನ ಗೋಡೆಯ ಒಂದು ಕಡೆ ಸಾರಣೆ ಕೆತ್ತಿ ಕಲ್ಲಿನ ನಡುವಿನ ಗಾರೆ ನೋಡಿ. ಮೊಳೆಯಿಂದ ಕೆರೆದಾಗ ಮಣ್ಣು ಉದುರಿದರೆ ಅದು ಮಣ್ಣಿನಲ್ಲಿ ಕಟ್ಟಿದ ಕೆಂಪು ಕಲ್ಲಿನ ಗೋಡೆ.

ಈಗ ಭಾರ. 12 ಸೆಂ.ಮೀ. ದಪ್ಪದ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 300 ಕೆ.ಜಿ. ತೂಗುತ್ತದೆ. ಮಳೆಯಲ್ಲಿ ನೆನೆದ ಹಂಚು, ಪಕ್ಕಾಸು (ಮಾಡಿನ ಓರೆ ತೊಲೆ), ರೀಪು (ಹಂಚು ಕೂರುವ ಅಡ್ಡಪಟ್ಟಿ) ಎಲ್ಲ ಸೇರಿದರೂ 70–80 ಕೆ.ಜಿ. ಅಷ್ಟೆ. 90 ಚದರ ಮೀಟರಿನ ಮನೆಗೆ ಸ್ಲ್ಯಾಬ್ ಎಂದರೆ ಬರೀ ಕಾಂಕ್ರೀಟೇ 27 ಟನ್. ಮಣ್ಣಿನ ಗಾರೆ, ಆಳವಿಲ್ಲದ ಪಂಚಾಂಗ (ಅಡಿಪಾಯ), ಕಾಂಕ್ರೀಟ್ ಬೆಲ್ಟ್ ಇಲ್ಲದ ಗೋಡೆ ಇದನ್ನು ಹೊರಲಾರದು. ಕುಸಿಯದಿದ್ದರೂ ಎರಡು ಮಳೆಗಾಲದಲ್ಲಿ ಕಿಟಕಿಯ ಮೂಲೆಯಿಂದ ಓರೆ ಬಿರುಕು ಬರುತ್ತದೆ. ಸ್ಲ್ಯಾಬ್ ಬೇಕೇ ಬೇಕು ಎಂದಾದರೆ ಸ್ವಂತ ಪಂಚಾಂಗವಿರುವ ಕಂಬಗಳನ್ನು ಎಬ್ಬಿಸಿ ಭಾರವನ್ನು ಅವುಗಳ ಮೇಲೆ ಬಿಡಬೇಕು. ಆಗ ರಿಪೇರಿ ಅನ್ನುವ ಮಾತು ಬಿಟ್ಟು ಹೊಸ ಮನೆಯ ಖರ್ಚಿಗೆ ತಯಾರಾಗಿ.

ನಮ್ಮ ಅಭಿಪ್ರಾಯ ಕೇಳಿದರೆ ಹಂಚು ಉಳಿಸಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆ ಈ ಊರಿನ ಹವೆಗೆ ಹೊಂದುವ ಮಾಡನ್ನೇ ಕೊಟ್ಟಿತು. ಬಾಸೆಲ್ ಮಿಷನ್ ಹೊಸ ಕ್ರೈಸ್ತರಿಗೆ ಕೊಟ್ಟ ಕೆಲಸಗಳಲ್ಲಿ ಅದೂ ಒಂದಾಗಿತ್ತು.

ಹಂಚು ಎಷ್ಟು ಬೇಕು? ಹಳೆಯದು ಬಳಸಬಹುದೇ?

ಚದರ ಮೀಟರಿಗೆ 15 ಹಂಚು. ನೆಲದ ಅಳತೆಗೆ ಗುಣಿಸಬೇಡಿ, ಮಾಡಿನ ಓರೆ ಅಳತೆಗೆ ಗುಣಿಸಿ. 10 × 9 ಮೀಟರಿನ ಮನೆ, ಸುತ್ತ 75 ಸೆಂ.ಮೀ. ಸೂರು: 11.5 × 10.5 ಎಂದರೆ ಸುಮಾರು 121 ಚ.ಮೀ. ಮಾಡು 30 ಡಿಗ್ರಿ ಓರೆಯಾದರೆ ಇದನ್ನು 1.155ರಿಂದ ಗುಣಿಸಿ, ಸುಮಾರು 140. ಹದಿನೈದರಂತೆ 2,100. ಒಡೆಯುವುದಕ್ಕೆ ಏಳು ಶೇಕಡ ಸೇರಿಸಿ 2,250.

ಹಳೆ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನಂತೆ ಟಣ್ ಎಂದರೆ ಇಟ್ಟುಕೊಳ್ಳಿ, ಮಂದವಾಗಿ ಡಬ್ ಎಂದರೆ ಕೂದಲೆಳೆ ಬಿರುಕಿದೆ. ಪಾಚಿಯನ್ನು ಗಟ್ಟಿ ಬ್ರಷ್ ಮತ್ತು ನೀರಿನಲ್ಲಿ ಉಜ್ಜಿ. ಆಸಿಡ್ ಬೇಡ, ಮೇಲ್ಮೈ ತೆರೆದುಕೊಂಡು ಇನ್ನಷ್ಟು ನೀರು ಕುಡಿಯುತ್ತದೆ.

ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿರುತ್ತದೆ. ಬೇರೆ ಬೇರೆ ಕಾರ್ಖಾನೆಯವನ್ನು ಒಂದೇ ಇಳಿಜಾರಿನಲ್ಲಿ ಬೆರೆಸಬೇಡಿ. ಅಚ್ಚು ನಾಲ್ಕೈದು ಮಿ.ಮೀ. ಆಚೀಚೆ ಇದ್ದರೂ ಕೊಂಡಿ ಕೂರುವುದಿಲ್ಲ, ಗಾಳಿ ಮಳೆ ಒಳನುಗ್ಗುತ್ತದೆ. ಮುಂಭಾಗಕ್ಕೆ ಒಂದು ಹೆಸರಿನದು, ಹಿಂಭಾಗಕ್ಕೆ ಇನ್ನೊಂದು. ರೀಪಿನ ಅಂತರವನ್ನು ಬಡಗಿಯ ಬಾಯಿಲೆಕ್ಕಕ್ಕೆ ಬಿಡದೆ ನಿಮ್ಮ ಹಂಚನ್ನೇ ಎರಡು ಜೋಡಿಸಿ ಕೊಕ್ಕಿನಿಂದ ಕೊಕ್ಕಿಗೆ ಅಳೆಯಿರಿ. ಸಾಮಾನ್ಯವಾಗಿ 31–32 ಸೆಂ.ಮೀ. ಬರುತ್ತದೆ. ಒಂದು ಸೆಂ.ಮೀ. ಹೆಚ್ಚಾದರೂ ಮೇಲಿನ ಹಂಚು ಕೆಳಗಿನದನ್ನು ಸಾಕಷ್ಟು ಮುಚ್ಚುವುದಿಲ್ಲ, ಸೋರುವುದು ಅಲ್ಲೇ.

ಗೋಡೆಯ ಬುಡದಲ್ಲಿ ತೇವ. ಪೇಂಟ್ ಪ್ರತಿವರ್ಷ ಏಳುತ್ತದೆ.

ಪೇಂಟ್ ಬದಲಿಸಿ ಪ್ರಯೋಜನವಿಲ್ಲ. ಕೆಂಪು ಕಲ್ಲು ನೆಲದ ನೀರನ್ನು ಸ್ಪಂಜಿನಂತೆ ಹೀರುತ್ತದೆ. ಹಿಂದೆ ಸುಣ್ಣದ ಸಾರಣೆಯ ಮೂಲಕ ಅದು ಆರಿಹೋಗುತ್ತಿತ್ತು. ಮೇಲೆ ಸಿಮೆಂಟ್ ಬಳಿದು ದಾರಿ ಮುಚ್ಚಿದಿರಿ, ನೆಲಕ್ಕೆ ಟೈಲ್ಸ್ ಹಾಕಿ ಅಲ್ಲಿಯ ದಾರಿಯನ್ನೂ ಮುಚ್ಚಿದಿರಿ. ನೀರು ಇನ್ನೂ ಮೇಲಕ್ಕೆ ಏರುತ್ತದೆ.

ಮೊದಲು ಪರೀಕ್ಷೆ: ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆಯ ಬದಿಗೆ ಹನಿ ಕಂಡರೆ ನೀರು ಗೋಡೆಯೊಳಗಿನಿಂದ, ಹೊರಬದಿಗೆ ಕಂಡರೆ ಕೋಣೆಯ ಗಾಳಿಯಿಂದ. ಆಗ ಕಿಟಕಿ ತೆರೆದರೆ ಸಾಕು.

ಒಳಗಿನಿಂದ ಎಂದಾದರೆ ಹೊರಗಿನ ಮಣ್ಣನ್ನು ಮನೆಯ ನೆಲಮಟ್ಟಕ್ಕಿಂತ 15 ಸೆಂ.ಮೀ. ಆದರೂ ಕೆಳಗೆ ಇಳಿಸಿ, ಸೂರಿನ ನೀರು ಬೀಳುವಲ್ಲಿ ತೋಡು ಮಾಡಿ. ಬಹಳ ಮನೆಗಳಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ವರ್ಷವೇ ತೇವ ಶುರುವಾಗಿರುತ್ತದೆ, ಮಟ್ಟ ಏರಿದ್ದನ್ನು ಯಾರೂ ಗಮನಿಸಿರುವುದಿಲ್ಲ. ಸಿಮೆಂಟ್ ಸಾರಣೆಯನ್ನು ಒಂದು ಮೀಟರ್ ಎತ್ತರಕ್ಕೆ ಕೆತ್ತಿ ತೆಗೆದು ಒಂದು ಬೇಸಗೆ ಪೂರ್ತಿ ಬೋಳಾಗಿ ಬಿಡಿ. ಆಮೇಲೆ ಸುಣ್ಣ ಒಂದು ಪಾಲು, ಹೊಳೆ ಮರಳು ಮೂರು ಪಾಲು, ಎರಡು ಪದರದಲ್ಲಿ 12 ಮಿ.ಮೀ. ದಪ್ಪ. ಸುಣ್ಣವನ್ನು ಕಡಿಮೆಯೆಂದರೆ ಎರಡು ವಾರ ನೀರಿನಲ್ಲಿ ಕೊಳೆಯಲು ಬಿಟ್ಟಿರಬೇಕು, ಇಲ್ಲವಾದರೆ ಗೋಡೆಗೆ ಹೋದ ಮೇಲೆ ಅರಳಿ ಗುಳ್ಳೆ ಏಳುತ್ತದೆ. ಕಡಲ ಮರಳು ಬೇಡವೇ ಬೇಡ, ಉಪ್ಪು ತಾನೇ ತೇವ ಎಳೆಯುತ್ತದೆ.

ಆಲ್ತಾರಿನ ಮರದಿಂದ ಪುಡಿ ಉದುರುತ್ತಿದೆ. ಗೆದ್ದಲೇ?

ಸಣ್ಣ ದುಂಡು ತೂತು, ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳು. ಮಣ್ಣಿನ ಗೆರೆ, ಒಳಗೆ ಟೊಳ್ಳು ಇದ್ದರೆ ಗೆದ್ದಲು. ಕುಟ್ಟೆಗೆ ಆ ಹಲಗೆಯಷ್ಟಕ್ಕೆ ಚಿಕಿತ್ಸೆ ಸಾಕು: ಬಿಚ್ಚಿ, ಒಣಗಿಸಿ, ಮರದ ಕುಟ್ಟೆ ಔಷಧವನ್ನು ಸಿರಿಂಜಿನಲ್ಲಿ ತೂತಿಗೆ ಬಿಟ್ಟು ಮೇಣದಿಂದ ಮುಚ್ಚಿ. ಹಲಸಿನ ಕೆಚ್ಚು ಗಟ್ಟಿ, ಕುಟ್ಟೆ ತಿನ್ನುವುದು ಬಿಳಿಯ ಹೊರಪದರವನ್ನು. ಬಣ್ಣ ಬಳಿದ ಪ್ರತಿಮೆಗಳಿಗೆ ಔಷಧ ಸಿಂಪಡಿಸಬೇಡಿ, ಬಣ್ಣ ಕರಗಿ ಬರುತ್ತದೆ.

ಗೆದ್ದಲು ಬರುವುದು ನೆಲದಿಂದ. ಗೋಡೆ ನೆಲ ಸೇರುವಲ್ಲಿ 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆದು ತೂತಿಗೆ ಒಂದು ಲೀಟರ್ ದ್ರಾವಣ. ಕ್ಲೋರ್‌ಪೈರಿಫಾಸ್ 20 ಇ.ಸಿ. ಎಂಬ ಕೀಟನಾಶಕವಾದರೆ ಒಂದು ಲೀಟರಿಗೆ 19 ಲೀಟರ್ ನೀರು. ಎಚ್ಚರ: ಬಾವಿಯ ಬದಿಯ ಗೋಡೆಯಲ್ಲಿ ಇದನ್ನು ಮಾಡಬೇಡಿ. ಕೆಂಪು ಕಲ್ಲು ವಿಷವನ್ನು ಸೋಸುವುದಿಲ್ಲ, ಬಾವಿಗೆ ಬಿಟ್ಟುಕೊಡುತ್ತದೆ. ಆ ಬದಿಯಲ್ಲಿ ಪೀಠವನ್ನು ಗೋಡೆಯಿಂದ ಎರಡು ಇಂಚು ಬಿಡಿಸಿ, ಕಾಲುಗಳ ಕೆಳಗೆ ಗ್ರಾನೈಟ್ ತುಂಡು ಇಟ್ಟರೆ ಸಾಕು, ಗೆರೆ ಎದ್ದರೆ ಕಣ್ಣಿಗೆ ಬೀಳುತ್ತದೆ.

ಒಡೆದ ಪ್ರತಿಮೆ, ಹಳೆ ಪಟ ಎಲ್ಲಿ ಹಾಕಬೇಕು? ವಿದೇಶದ ತಂಗಿ ಹಳೆ ಮರದ ಪ್ರತಿಮೆ ಕೇಳುತ್ತಿದ್ದಾಳೆ.

ಆಶೀರ್ವದಿಸಿದ ವಸ್ತು ಖಾಸಗಿಯವರದಾದರೂ ಗೌರವದಿಂದಲೇ ನಡೆಸಿಕೊಳ್ಳಬೇಕು ಎಂದು ಕಥೋಲಿಕ ಧರ್ಮಸಭೆಯ ಕಾನೂನು ಹೇಳುತ್ತದೆ, 1171ನೇ ಕಲಮು. ಕಸದ ಗಾಡಿಗೆ ಹಾಕಬೇಡಿ. ಮಣ್ಣು, ಪ್ಲಾಸ್ಟರಿನದನ್ನು ತುಳಿಯದ ಜಾಗದಲ್ಲಿ ಹೂಳಿ. ಮರ, ಕಾಗದವನ್ನು ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿ. ಶಿಲುಬೆಯ ಹಿಂದೆ ಸಿಕ್ಕಿಸಿದ ಗರಿಗಳ ಭಾನುವಾರದ ಗರಿಗಳನ್ನು ಇಗರ್ಜಿಗೆ ಕೊಟ್ಟರೆ ಮುಂದಿನ ಬೂದಿ ಬುಧವಾರಕ್ಕೆ ಒದಗುತ್ತವೆ.

ತಂಗಿಯ ವಿಷಯದಲ್ಲಿ ನಿಲ್ಲಿ. ನೂರು ವರ್ಷ ದಾಟಿದ ಪ್ರತಿಮೆ 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಒಯ್ಯುವುದು ಅಪರಾಧ. ಗುಜರಿಯವರು ಹಳೆ ಆಲ್ತಾರಿಗೆ ಬೆಲೆ ಕಟ್ಟಲು ಬಂದಾಗಲೂ ಇದು ನೆನಪಿರಲಿ. ಕ್ರಿಸ್ತನ ಮೂರ್ತಿ ದಂತದ್ದೆಂದು ಅನುಮಾನವಿದ್ದರೆ ಮಾರುವ ಮಾತೇ ಇಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಹೊಸ ಆಲ್ತಾರ್ ಎಲ್ಲಿ, ಹೇಗೆ?

ದಿಕ್ಕಿನ ಕಟ್ಟುಪಾಡಿಲ್ಲ. ಮನೆಮಂದಿ ಮೊಣಕಾಲೂರಿ ಕೂರಲು ಎದುರಿಗೆ ಎರಡು ಮೀಟರ್ ಜಾಗ, ವಯಸ್ಸಾದವರ ಕುರ್ಚಿಗೆ ಗೋಡೆಯ ಬದಿ. ಟಿವಿಯ ಮೇಲೆ ಶೆಲ್ಫ್ ಮಾಡಿ ಕೂರಿಸಿದರೆ ತೇರ್ಸಿನ ಹೊತ್ತಿಗೆ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಿಲ್ಲ.

ಪೀಠದ ಆಳ 45 ಸೆಂ.ಮೀ. ಮೇಣದಬತ್ತಿಯ ಜ್ವಾಲೆಯಿಂದ ಮೇಲಿನ ಮರಕ್ಕೆ 60 ಸೆಂ.ಮೀ. ಅಂತರ, ಬತ್ತಿ ನಿಲ್ಲುವುದು ಗ್ರಾನೈಟ್ ಅಥವಾ ಹಿತ್ತಾಳೆ ತಟ್ಟೆಯ ಮೇಲೆ. ದಿನವಿಡೀ ಉರಿಯುವ ಪುಟ್ಟ ಬಲ್ಬಿಗೆ ಪ್ರತ್ಯೇಕ ಸ್ವಿಚ್ ಕೊಡಿಸಿ. ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವಯರಿಂಗಿಗೇ ಆಲ್ತಾರಿನ ಸರಮಾಲೆ, ಡಿಸೆಂಬರಿನ ನಕ್ಷತ್ರ, ಗೋದಲಿಯ ದೀಪ ಎಲ್ಲವನ್ನೂ ತಗುಲಿಸಿ ಬೆಂಕಿ ತಂದುಕೊಳ್ಳುತ್ತಾರೆ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿ.ಮೀ. ವಯರ್, ಮೇನಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್). ನಕ್ಷತ್ರಕ್ಕೆಂದೇ ಸಿಟೌಟಿನ ಸೂರಿನಡಿ ಒಂದು ಪ್ಲಗ್ ಈಗಲೇ ಇಡಿಸಿಬಿಡಿ.

ಮೇಸ್ತ್ರಿ ಕುತ್ತಿ ಪೂಜೆ (ಕೆಲಸ ಶುರು ಮಾಡುವಾಗಿನ ಪೂಜೆ), ವಾಸ್ತು ಎನ್ನುತ್ತಾರೆ. ಒಪ್ಪಬೇಕೇ?

ಅಡುಗೆಮನೆ ಆಗ್ನೇಯಕ್ಕೆ ಬಂದರೆ ಬೆಳಗಿನ ಬಿಸಿಲು ಬರುತ್ತದೆ, ಒಳ್ಳೆಯದೇ. ಅದೃಷ್ಟಕ್ಕೆ ಹೆದರಿ ಗಟ್ಟಿ ಗೋಡೆ ಒಡೆಯುವುದು ಬೇರೆ. ಅದು ನಂಬಿಕೆಗೂ ಹೊಂದದು, ಗೋಡೆಗೂ ಹೊಂದದು. ಕೆಲಸದವರು ತಮ್ಮ ಹತ್ಯಾರಿಗೆ ಕೈಮುಗಿದು ಶುರು ಮಾಡಿದರೆ ತಡೆಯಬೇಡಿ, ಅದು ಅವರ ಭಕ್ತಿ. ನಿಮ್ಮ ಕಡೆಯಿಂದ ಫಾದರ್ ಅಥವಾ ಪಾಸ್ಟರ್ ಬಂದು ಪ್ರಾರ್ಥಿಸಿ ಮೊದಲ ಕಲ್ಲಿಡಲಿ. ಎರಡೂ ಅರ್ಧ ಗಂಟೆಯೊಳಗೆ ಮುಗಿಯುತ್ತವೆ, ಮತ್ತೆ ಒಂದೇ ಚಹಾ.

ದೊಡ್ಡ ಹಾಲ್ ಮಾಡಿ ವಾಡೆಯ (ಇಗರ್ಜಿಯ ವಾರ್ಡಿನ) ಪ್ರಾರ್ಥನೆ ನಡೆಸಬೇಕೆಂದಿದ್ದೇವೆ. ತೊಂದರೆ ಆದೀತೇ?

2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯನ್ನು ಯಾರೂ ಮರೆತಿಲ್ಲ. 2022ರ ಮತಾಂತರ ಕಾಯ್ದೆ ಬಂದ ಮೇಲೆ ಮನೆಯ ಪ್ರಾರ್ಥನೆಗೂ ಸಂಶಯದ ಕಣ್ಣು ಬಿತ್ತು. 2023ರ ಜೂನಿನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ನಿರ್ಧಾರ ಮಾಡಿದರೂ ಕಣ್ಣು ಹಾಗೇ ಇದೆ. ಮನೆಮಂದಿ, ನೆಂಟರು, ವಾಡೆಯವರು ಸೇರಿ ಜಪಿಸುವುದು ಮತಾಂತರವಲ್ಲ; ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕು. ಕಟ್ಟಡದ ವಿಷಯದಲ್ಲಿ ಮಾತ್ರ ಗೆರೆ ದಾಟಬೇಡಿ. ವಾಸದ ಮನೆಯೆಂದು ಪರವಾನಗಿ ತೆಗೆದು ಬೋರ್ಡು, ವೇದಿಕೆ, ಪ್ರತ್ಯೇಕ ಬಾಗಿಲು ಇಟ್ಟು ವಾರವಾರ ಸಾರ್ವಜನಿಕ ಆರಾಧನೆ ನಡೆಸಿದರೆ ದೂರಿಗೆ ನೀವೇ ಕಾರಣ ಕೊಟ್ಟಂತೆ. ಅದಕ್ಕೆ ಬೇರೆ ಪರವಾನಗಿ ಬೇಕು.

ಮೈಕ್ ಬೇಡ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಇಪ್ಪತ್ತು ಜನ ಕೈತಟ್ಟಿ ಹಾಡಿದರೇ ಅದು ದಾಟುತ್ತದೆ. ಹಾಲಿನ ಕಿಟಕಿಗಳನ್ನು ನೆರೆಮನೆಯ ಮಲಗುವ ಕೋಣೆಯ ಎದುರು ಇಡಬೇಡಿ. ಗಾಡಿಗಳು ಅಂಗಳದಲ್ಲೇ ನಿಲ್ಲಲಿ. ಗುಂಪು ನುಗ್ಗಿದರೆ ವಾದಕ್ಕೆ ಇಳಿಯಬೇಡಿ: ಗೇಟು ಹಾಕಿ, 112ಕ್ಕೆ ಕರೆ ಮಾಡಿ, ಗುರ್ಕಾರರಿಗೆ (ವಾಡೆಯ ಮುಖಂಡರಿಗೆ) ತಿಳಿಸಿ, ಒಬ್ಬರು ಮಾತ್ರ ಮಾತಾಡಿ, ಇನ್ನೊಬ್ಬರು ವಿಡಿಯೊ ಮಾಡಲಿ. ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ತೆನೆ ಹಬ್ಬದ ಹೊಸ ಅಕ್ಕಿಯ ಊಟಕ್ಕೂ ಕ್ರಿಸ್ಮಸಿನ ತಟ್ಟೆಗೂ ನೆರೆಯವರು ಮೊದಲಿಂದ ಒಳಬಂದು ಹೋಗುವ ಮನೆಯಾದರೆ ಆ ಹಾಲಿನಲ್ಲಿ ಏನು ನಡೆಯುತ್ತದೆ ಎಂದು ಅವರಿಗೇ ಗೊತ್ತಿರುತ್ತದೆ. ಕಾನೂನಿಗಿಂತ ಮೊದಲು ಕೆಲಸಕ್ಕೆ ಬರುವುದು ಅದು.

ಮನೆಯಲ್ಲಿ ಉಳಿಯುವವರು ಅಪ್ಪ ಅಮ್ಮ ಇಬ್ಬರೇ. ಏನು ಬದಲಿಸಬೇಕು?

ಎಲ್ಲಕ್ಕಿಂತ ಮೊದಲು ಬಚ್ಚಲು. ಕೆಳಮನೆಯಲ್ಲೇ, ಮಲಗುವ ಕೋಣೆಗೆ ತಾಗಿ. ಬಾಗಿಲು 90 ಸೆಂ.ಮೀ. ಅಗಲ, ಹೊರಕ್ಕೆ ತೆರೆಯುವಂಥದ್ದು; ಒಳಕ್ಕೆ ತೆರೆದರೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುತ್ತಾರೆ. ಕಮೋಡಿನ ಪಕ್ಕ ಹಿಡಿ, 80 ಸೆಂ.ಮೀ. ಎತ್ತರದಲ್ಲಿ. ಕೆಂಪು ಕಲ್ಲಿನ ಗೋಡೆಯಲ್ಲಿ ಸಾದಾ ಪ್ಲಾಸ್ಟಿಕ್ ಪ್ಲಗ್ ಭಾರ ತಡೆಯದು, ಕಲ್ಲು ಪೊಳ್ಳು. ಹಿಡಿ ಬರುವಲ್ಲಿ ಕಲ್ಲು ತೆಗೆದು ಕಾಂಕ್ರೀಟ್ ತುಂಬಿಸಿ, ಒಣಗಿದ ಮೇಲೆ ಬೋಲ್ಟ್ ಹಾಕಿಸಿ. ಎತ್ತರದ ಹೊಸ್ತಿಲು ತೆಗೆಯಿರಿ. ಜಗಲಿಯ ಮೆಟ್ಟಿಲಿನ ಪಕ್ಕ ಇಳಿಜಾರು, ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದ.

ಮಕ್ಕಳು ಕಳುಹಿಸಿದ ದುಡ್ಡಿನಲ್ಲಿ ಮೇಲ್ಮಹಡಿಯಲ್ಲಿ ಮೂರು ಎಸಿ ಕೋಣೆ, ಕೆಳಗೆ ಜಾರುವ ಬಚ್ಚಲು. ಇಂಥ ಮನೆಗಳು ಬೇಕಾದಷ್ಟಿವೆ.

ಮುಂದೆ ಯಾರೂ ಇರುವುದಿಲ್ಲವೆಂದರೆ ರಿಪೇರಿ ಮಾಡಿಸಿ ಪ್ರಯೋಜನವೇ?

ಬೀಗ ಹಾಕಿದ ಹಂಚಿನ ಮನೆ ಮೂರನೇ ಮಳೆಗಾಲಕ್ಕೆ ಸೋಲುತ್ತದೆ. ಒಂದು ಹಂಚು ಜಾರಿ, ಒಂದು ಪಕ್ಕಾಸು ಕೊಳೆತು, ಅದರ ಬುಡದ ಗೋಡೆ ನೆನೆದು ಒಂದರ ಹಿಂದೆ ಒಂದು. ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಮೊಂತಿ ಫೆಸ್ತ್ (ಸೆಪ್ಟೆಂಬರ್ 8ರ ತೆನೆ ಹಬ್ಬ) ಕಳೆದು, ಒಬ್ಬರು ಮಾಡು ಹತ್ತಿ ನೋಡುವ ವ್ಯವಸ್ಥೆ ಇದ್ದರೆ ಮಾತ್ರ ರಿಪೇರಿ ಮಾಡಿಸಿ. ಇಲ್ಲವಾದರೆ ಬಾಡಿಗೆಗೆ ಕೊಡಿ, 11 ತಿಂಗಳ ಕರಾರು ಬರೆಸಿ. ಮಾರುವುದೇ ತೀರ್ಮಾನವಾದರೆ ಮಾಡಿನ ಮೇಲೆ ಹಣ ಹಾಕಬೇಡಿ, ಕೊಳ್ಳುವವರು ಜಾಗಕ್ಕಷ್ಟೇ ಬೆಲೆ ಕಟ್ಟುತ್ತಾರೆ. ವಿದೇಶದ ಪೌರರಾದ ಮಕ್ಕಳು ಒಸಿಐ (ಸಾಗರೋತ್ತರ ಭಾರತೀಯ ಕಾರ್ಡು ಇರುವವರು) ಆಗಿದ್ದರೆ ತೋಟ, ಗದ್ದೆಯನ್ನು ವಾರಸಿನಿಂದ ಪಡೆಯಬಹುದು, ಆದರೆ ಕೊಳ್ಳುವಂತಿಲ್ಲ. ಪಾಲುಪಟ್ಟಿ ಬರೆಯುವಾಗ ಯಾವುದು ಪಾಲು, ಯಾವುದು ಖರೀದಿ ಎಂಬುದನ್ನು ವಕೀಲರು ಸರಿಯಾಗಿ ಬಿಡಿಸಲಿ.

ಮನೆ ಆಶೀರ್ವಾದ ಯಾವಾಗ ಇಟ್ಟುಕೊಳ್ಳಬೇಕು?

ವಾರ್ನಿಷ್ ವಾಸನೆ ಹೋದ ಮೇಲೆ. ಬಣ್ಣ ಬಳಿದ ಮರುದಿನವೇ ಕಿಟಕಿ ಮುಚ್ಚಿ ಅರುವತ್ತು ಜನರನ್ನು ಕೂರಿಸಿದರೆ ಧೂಪಕ್ಕಿಂತ ಟರ್ಪೆಂಟೈನೇ ಜೋರು. ಫಾದರ್ ಪ್ರತಿ ಕೋಣೆಗೂ ತೀರ್ಥ ಚಿಮುಕಿಸುತ್ತಾರೆ, ಹಾಗಾಗಿ ಕೋಣೆಗಳ ಬಾಗಿಲು ತೆರೆದಿರಲಿ, ಉಳಿದ ಸಿಮೆಂಟ್ ಚೀಲಗಳನ್ನು ಸ್ಟೋರಿಗೆ ತುರುಕಿ ಬೀಗ ಹಾಕಬೇಡಿ. ಉಳಿದ ಹಂಚುಗಳಲ್ಲಿ ನೂರನ್ನು ಮಾತ್ರ ಯಾರಿಗೂ ಕೊಡದೆ ಹಿತ್ತಿಲಿನ ನೆರಳಿನಲ್ಲಿ ನಿಲ್ಲಿಸಿಡಿ. ಅದೇ ಅಚ್ಚಿನದು ಮತ್ತೆ ಸಿಗುವುದಿಲ್ಲ.